ವಸಂತದಲ್ಲಿ ಮತ್ಸ್ಯವಿನೋದ

ಚೈತ್ರಮಾಸವು ಕಾಲಿಟ್ಟಿತೆಂದರೆ ನಮ್ಮ ಘಟ್ಟದ ಮೇಲಣ ಹೊಳೆಗಳು ಮೈಯಿಳಿದು, ಸದ್ದು ತಗ್ಗಿಸಿ, ಕಲ್ಲಿನಿಂದ ಕಲ್ಲಿಗೆ ಮೆಲ್ಲನೆ ಜಾರತೊಡಗುವುವು. ಆಷಾಢದಲ್ಲಿ ಕೆಂಪುನೀರಾಗಿ ಸಂಕಗಳನ್ನು ನುಂಗುವ ಶಾಲ್ಮಲೆಯೇ ಇದೆಂದರೆ ಪರವೂರಿನವರು ನಂಬಲಾರರು. ಸೋಂದೆಯ ಅರಸನಾದ ಸದಾಶಿವರಾಯನ (1678–1718) ಕಾಲದಲ್ಲಿ ಬಂಡೆಬಂಡೆಗಳ ಮೇಲೆ ಕಡೆಯಿಸಿದ ಸಹಸ್ರಲಿಂಗಗಳು ಮಳೆಗಾಲವೆಲ್ಲ ನೀರೊಳಗಿದ್ದು, ಶಿವರಾತ್ರಿಯ ಹೊತ್ತಿಗೆ ತಲೆಯೆತ್ತಿರುತ್ತವೆ. ಅವುಗಳ ನಡುವೆ ನಿಂತ ತಿಳಿನೀರಿನಲ್ಲಿ ದೃಷ್ಟಿಯಿಟ್ಟು ನೋಡಿದವರಿಗೆ ಮೀನುಗಳು ಪ್ರವಾಹಕ್ಕೆ ಇದಿರಾಗಿ, ಬಾಲವನ್ನು ಮಾತ್ರ ಆಡಿಸುತ್ತ, ಇದ್ದಲ್ಲಿಯೇ ಇರುವುದು ಕಾಣಿಸುವುದು. ಆಗಾಗ ಒಂದು ಮೇಲಕ್ಕೆ ಚಿಮ್ಮಿ, ನೀರ ಮೇಲೊಂದು ಬಳೆಯನ್ನು ಬರೆದು, ಮರಳಿ ತನ್ನ ಠಾವಿಗೆ ಸೇರುವುದು. ಆ ಬಳೆಯು ಹುಟ್ಟುವ ಕಾರಣವನ್ನೂ, ಅದನ್ನು ಕಂಡು ದೇಶದೇಶದ ಜನರು ಕಟ್ಟಿಕೊಂಡ ವಿನೋದವೊಂದನ್ನೂ ವಾಚಕರಿಗೆ ತಿಳಿಸಬೇಕೆಂದು ಈ ಲೇಖನಕ್ಕೆ ತೊಡಗಿದ್ದೇವೆ.

ನಮ್ಮ ವಾಚಕರಲ್ಲಿ ಅನೇಕರು ಮತ್ಸ್ಯಾಹಾರವನ್ನು ಬಳಸುವವರಲ್ಲ, ನಾವೂ ಅಲ್ಲ. ಅಂಥವರ ಮನೆಗೆ ಬರುವ ಪತ್ರಿಕೆಯಲ್ಲಿ ಗಾಳದ ಮಾತೇಕೆಂದು ಹುಬ್ಬೇರಿಸುವವರು ಇದ್ದಾರು. ಆದರೆ ಹೊಳೆಯ ನೀರನ್ನು ನಾವೆಲ್ಲರೂ ಬಳಸುತ್ತೇವೆ. ಅಡಕೆಯ ತೋಟಕ್ಕೆ ಹಾಯಿಸುತ್ತೇವೆ. ಅದೇ ನೀರಿನಲ್ಲಿ ನಮಗಿಂತ ಮೊದಲಿನಿಂದ ಸಂಸಾರ ಹೂಡಿದ ಪ್ರಾಣಿಗಳ ವೃತ್ತಾಂತವು ಗೃಹಸ್ಥನಿಗೆ ಬೇಡವಾದುದೆಂದು ನಮಗೆ ತೋರುವುದಿಲ್ಲ.

ಮೊದಲು ಆ ವಿನೋದದ ಸ್ವರೂಪ. ಯುರೋಪಿನ ಶೀತಪ್ರದೇಶದ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನುಂಟು. ಮೈಮೇಲೆ ಕೆಂಪು ಕಪ್ಪು ಚುಕ್ಕೆಗಳುಳ್ಳದ್ದು, ತಣ್ಣನೆಯ ಹರಿಯುವ ನೀರನ್ನು ಬಿಟ್ಟು ಬದುಕಲಾರದ್ದು. ಹೊಳೆಯ ಕಲ್ಲುಗಳ ಅಡಿಯಲ್ಲಿ ವರ್ಷಕಾಲ ಹುಳುವಾಗಿದ್ದು, ವಸಂತದಲ್ಲಿ ರೆಕ್ಕೆ ಬಂದು, ನೀರ ಮೇಲಕ್ಕೆದ್ದು, ಒಂದೆರಡು ದಿನಗಳೊಳಗೆ ಮೊಟ್ಟೆಯಿಟ್ಟು ಸಾಯುವ ಒಂದು ಜಾತಿಯ ಸಣ್ಣ ನೊಣವೇ ಅದಕ್ಕೆ ಪರಮಾನ್ನ. ಈ ನೊಣಗಳಿಗೆ ರೆಕ್ಕೆ ಬಂದಮೇಲೆ ಆಹಾರವೇ ಇಲ್ಲ. ತಿನ್ನುವ ಬಾಯಿಯೇ ಅವುಗಳಿಗೆ ಉಳಿದಿರುವುದಿಲ್ಲ. ಅವು ನೀರ ಮೇಲೆ ಬಿದ್ದ ಸಂಜೆಗಳಲ್ಲಿ ಟ್ರೌಟ್ ಬೇರೆ ಯಾವ ಎರೆಯನ್ನೂ ಮೂಸಿ ನೋಡದು. ಆದುದರಿಂದ ಅಲ್ಲಿನ ಬೇಟೆಗಾರನು ಕೋಳಿಯ ಗರಿ, ರೇಶಿಮೆಯ ನೂಲು, ಪ್ರಾಣಿಯ ಕೂದಲು ಇವುಗಳಿಂದ ಸಣ್ಣದೊಂದು ಗಾಳದ ಮೇಲೆ ಆ ನೊಣದ ಹೋಲಿಕೆಯನ್ನು ಕಟ್ಟುತ್ತಾನೆ. ಇದನ್ನು ನಾವು ಹುಸಿನೊಣವೆಂದು ಕರೆಯಬಹುದು.

ಹುಸಿನೊಣಕ್ಕೆ ತೂಕವಿಲ್ಲ, ಆದುದರಿಂದ ಕಲ್ಲು ಬೀಸಿದಂತೆ ಅದನ್ನು ಬೀಸಲಾಗದು. ತೂಕವೆಲ್ಲ ದಾರದಲ್ಲಿದೆ. ಬಳುಕುವ ಉದ್ದದ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಗಾಳಿಯಲ್ಲಿ ಬಿಚ್ಚಿ, ಅದು ಪೂರ್ಣವಾಗಿ ನೀಳವಾದ ಕ್ಷಣದಲ್ಲಿ ಇಳಿಯಬಿಡಬೇಕು. ದಾರದ ತುದಿಯ ಎಳೆಯಂಥ ಭಾಗವು ನೀರಿಗೆ ತಾಗಿತೋ ಇಲ್ಲವೋ ಎಂಬಂತೆ ತಾಗಬೇಕು. ನೊಣವು ಪ್ರವಾಹದೊಡನೆ ತಾನಾಗಿ ತೇಲಬೇಕೇ ಹೊರತು ದಾರವು ಅದನ್ನು ಎಳೆದಂತೆ ತೋರಬಾರದು. ಎಳೆಯಿತೋ, ಮೀನು ಅದರ ಬಳಿಯವರೆಗೆ ಬಂದು, ಕೃತಕವೆಂದರಿತು ತಿರುಗಿಬಿಡುವುದು. ಮೀನಿಗೆ ರೆಪ್ಪೆಯಿಲ್ಲ. ನಮ್ಮ ಅಮರಸಿಂಹನು ‘ಅನಿಮಿಷ’ ಶಬ್ದವನ್ನು ದೇವತೆಗಳಿಗೂ ಮೀನಿಗೂ ಸಮವಾಗಿ ಹೇಳಿರುವುದನ್ನು ಶಾಲೆಯಲ್ಲಿ ಪಾಠ ಹೇಳುವಾಗ ಹುಡುಗರು ನಗುತ್ತಿದ್ದರು. ನಗುವ ಮಾತಲ್ಲ, ಎವೆಯಿಕ್ಕದ ಆ ಕಣ್ಣನ್ನು ವಂಚಿಸುವುದಕ್ಕೆ ಯುರೋಪಿನವರು ಎರಡು ಸಾವಿರ ವರ್ಷಗಳಿಂದ ಹೆಣಗುತ್ತಿದ್ದಾರೆ. ಕ್ರಿಸ್ತಶಕ 200ರ ಸುಮಾರಿನ ಈಲಿಯನ್ ಎಂಬ ಗ್ರಂಥಕಾರನು, ಮೆಸಿಡೋನಿಯದ ಬೆಸ್ತರು ಕೆಂಪು ಉಣ್ಣೆಯನ್ನೂ ಹುಂಜದ ಗರಿಯನ್ನೂ ಗಾಳಕ್ಕೆ ಸುತ್ತಿ ಚುಕ್ಕೆಮೀನುಗಳನ್ನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲಂಡಿನಲ್ಲಿ ಈ ವಿನೋದವನ್ನು ಕುರಿತ ಮೊದಲ ಗ್ರಂಥವು ಅಚ್ಚಾದುದು 1496ರಲ್ಲಿ. ಐಸಾಕ್ ವಾಲ್ಟನ್ನನ ಹೆಸರಾಂತ ಪುಸ್ತಕವು 1653ರಲ್ಲಿ.

ಆಂಗ್ಲರು ಎಲ್ಲಿ ನೆಲೆಸಿದರೂ ತಮ್ಮ ಟ್ರೌಟನ್ನು ಬಿಟ್ಟಿರಲಾರದವರಾದರು. ಕಾಶ್ಮೀರಕ್ಕೆ 1899ರಲ್ಲಿ ಹಡಗಿನಲ್ಲಿ ಬಂದ ಮೊಟ್ಟೆಗಳು ದಾರಿಯಲ್ಲಿಯೇ ಕೆಟ್ಟುಹೋದುವು. ಮರುವರ್ಷ ತರಿಸಿದವುಗಳು ಒಡೆದು ಮರಿಗಳಾದುವು. ನಮಗೆ ಸಮೀಪದ ನೀಲಗಿರಿಯಲ್ಲಿ ಮತ್ಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಎಂಬವರು 1860ರ ದಶಕದಲ್ಲಿ ಮಾಡಿದ ಯತ್ನವು ಕೈಗೂಡಲಿಲ್ಲ. 1907ರ ಸುಮಾರಿಗೆ ಎಚ್. ಸಿ. ವಿಲ್ಸನ್ ಎಂಬವರು ಅವಲಾಂಚಿಯಲ್ಲಿ ಮರಿಮನೆಯನ್ನು ಕಟ್ಟಿಸಿ, ಕಾಮನಬಿಲ್ಲಿನ ಬಣ್ಣದ ಪಟ್ಟೆಯುಳ್ಳ ಇನ್ನೊಂದು ಜಾತಿಯ ಟ್ರೌಟನ್ನು ನೆಲೆಗೊಳಿಸಿದರು. ಕನ್ನಡಕ್ಕೆ ಒಡಹುಟ್ಟಿದ ನುಡಿಯನ್ನಾಡುವ ಬಡಗರ ಹಟ್ಟಿಗಳ ಮೇಲ್ಗಡೆ, ಎರಡು ಸಾವಿರ ಮೀಟರುಗಳಿಗೂ ಎತ್ತರದ ಹೊಳೆಗಳಲ್ಲಿ ಆ ಮೀನಿನ ಸಂತತಿಯುಂಟು. ನಮ್ಮ ಶಿರಸಿಯ ಎತ್ತರವು ಆರುನೂರು ಮೀಟರಿನಷ್ಟು ಮಾತ್ರ. ವೈಶಾಖದ ಬಿಸಿಲಿಗೆ ನಮ್ಮ ಮಡುಗಳ ನೀರು ಟ್ರೌಟಿಗೆ ಕಷಾಯವಾದೀತು. ಇಪ್ಪತ್ತೈದು ಡಿಗ್ರಿಯನ್ನು ದಾಟಿದ ನೀರಿನಲ್ಲಿ ಅದರ ಉಸಿರು ನಿಲ್ಲುವುದಿಲ್ಲ. ಹೀಗಾಗಿ ಆ ಪರದೇಶಿಯು ನಮ್ಮಲ್ಲಿಗೆ ಬರಲಿಲ್ಲ; ಬಾರದುದು ಒಳಿತೇ ಆಯಿತೆಂಬುದು ಮುಂದೆ ತಿಳಿದೀತು.

ಹಾಗೆಂದು ನೊಣಕ್ಕೆ ನೆಗೆಯುವ ಮೀನು ನಮ್ಮಲ್ಲಿಲ್ಲವೆಂದು ಭಾವಿಸಬಾರದು. ಗೇಣಿನ ಒಳಗಿನ ಉದ್ದದ್ದು, ಬೆಳ್ಳಿಯ ಮೈಮೇಲೆ ನೀಲಿಯ ಅಡ್ಡಪಟ್ಟೆಗಳುಳ್ಳದ್ದು, ಝರಿಯ ಸೆಳವಿನಲ್ಲಿಯೇ ಇರುವಂಥದ್ದು ಒಂದು ಜಾತಿ ನಮ್ಮ ಹಳ್ಳಗಳಲ್ಲಿ ಧಾರಾಳವಾಗಿದೆ. ಸಹಸ್ರಲಿಂಗದ ಬಳೆಗಳನ್ನು ಬರೆಯುವುದು ಹೆಚ್ಚಾಗಿ ಅದೇ. ಆಂಗ್ಲರು ಅದರ ದಾಯಾದಿಗಳಲ್ಲೊಂದನ್ನು ಹಿಂದುಸ್ಥಾನದ ಟ್ರೌಟೆಂದು ಕರೆದು ಸಮಾಧಾನಪಟ್ಟರು. ಹಳ್ಳದ ಕಲ್ಲೊಂದನ್ನು ಮಗುಚಿ ನೋಡಿರಿ. ಸಣ್ಣ ಹರಳುಗಳನ್ನು ಅಂಟಿಸಿ ಕೊಳವೆಯಂಥ ಮನೆಯನ್ನು ಕಟ್ಟಿಕೊಂಡ ಹುಳುಗಳು ಅಲ್ಲಿರುವುವು. ಅವೂ ಒಂದು ದಿನ ರೆಕ್ಕೆ ತಳೆದು ಮೇಲಕ್ಕೇಳತಕ್ಕವೇ. ಕಲ್ಲನ್ನು ಇದ್ದಂತೆಯೇ ಮರಳಿ ಇಡಬೇಕೆಂದು ಮಕ್ಕಳಿಗೆ ಹೇಳಿಕೊಡತಕ್ಕದ್ದು.

ಇನ್ನು ಗಾಳದ ವಿನೋದವು ಆಂಗ್ಲರಿಂದಲೇ ಬಂತೆಂಬ ಭಾವನೆಯನ್ನು ತೆಗೆದುಹಾಕಬೇಕಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ವಿಕ್ರಮಾದಿತ್ಯನ ಮಗನಾದ ಭೂಲೋಕಮಲ್ಲ ಸೋಮೇಶ್ವರನು ಕ್ರಿ.ಶ. 1131ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿದನು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು. ರಾಜ್ಯವನ್ನು ಗಳಿಸುವುದರಿಂದ ಹಿಡಿದು ಅಡಿಗೆ, ವೈದ್ಯ, ಚಿತ್ರ, ಸಂಗೀತದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ನಮ್ಮ ಬನವಾಸಿ ಹನ್ನೆರಡು ಸಾವಿರವೂ ಆ ಅರಸನ ಆಳಿಕೆಗೆ ಒಳಪಟ್ಟಿದ್ದಿತು. ಈ ಗ್ರಂಥದ ವಿನೋದವಿಂಶತಿಯಲ್ಲಿ ‘ಮತ್ಸ್ಯವಿನೋದ’ವೆಂದೇ ಒಂದು ಅಧ್ಯಾಯವಿದೆ. ಮೀನುಗಳಲ್ಲಿ ಸಮುದ್ರದವಾವುವು, ನದಿಯವಾವುವು, ಶಲ್ಕವುಳ್ಳವಾವುವು, ಇಲ್ಲದವಾವುವು, ಯಾವುದಕ್ಕೆ ಯಾವ ಪಿಂಡವು ರುಚಿ, ಕೋಲು, ದಾರ, ಬಡಿಶಗಳು ಹೇಗಿರಬೇಕು ಇತ್ಯಾದಿಯಾಗಿ ಅರಸನು ಸ್ವತಃ ಆಡಿ ನೋಡಿದವನಂತೆ ವಿವರಿಸುತ್ತಾನೆ. ಅಲ್ಲಿ ಹೇಳಿರುವುದು ತಿನ್ನುವ ಎರೆಯನ್ನೇ ಹೊರತು ಗರಿಯ ನೊಣವನ್ನಲ್ಲ. ಆದರೂ ಇಂಗ್ಲಂಡಿನ ಮೊದಲ ಗ್ರಂಥವು ಅಚ್ಚಾಗುವುದಕ್ಕೆ ಮುನ್ನೂರರವತ್ತು ವರ್ಷಗಳಿಗೂ ಹಿಂದೆ ಕನ್ನಡನಾಡಿನ ದೊರೆಯೊಬ್ಬನು ಮೀನು ಹಿಡಿಯುವುದನ್ನು ಹೊಟ್ಟೆಪಾಡಿನಿಂದ ಬೇರ್ಪಡಿಸಿ ವಿನೋದಗಳ ಸಾಲಿನಲ್ಲಿ ಕುಳ್ಳಿರಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳೂ ಬಡೋದೆಯಲ್ಲಿ ಶ್ರೀಗೊಂಡೇಕರರೂ ಈ ಗ್ರಂಥವನ್ನು ಪರಿಷ್ಕರಿಸಿ ಅಚ್ಚು ಹಾಕಿಸುವ ಕಾರ್ಯಕ್ಕೆ ತೊಡಗಿದ ಮೇಲೆ ವಿದ್ವಾಂಸರ ಕಣ್ಣು ಇದರ ಮೇಲೆ ಬಿತ್ತು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಲೋಕದ ಮುಂದಿಟ್ಟರು. ನಾವು ಓದಿದ ಪಾಠಶಾಲೆಗಳಲ್ಲಿ ಕಾವ್ಯ, ವ್ಯಾಕರಣ, ತರ್ಕಗಳಿಗೆ ಮೀಸಲಾದ ಕಾಲದಲ್ಲಿ ಒಂದು ಘಳಿಗೆಯನ್ನಾದರೂ ಇಂಥ ಗ್ರಂಥಕ್ಕೆ ಕೊಟ್ಟಿದ್ದರೆ ಸಂಸ್ಕೃತವೆಂದರೆ ಒಣಭಾಷೆಯೆಂಬ ಅಪವಾದವು ಅರ್ಧ ತಗ್ಗುತ್ತಿತ್ತು.

ನಮ್ಮ ನಾಡಿನ ಹೊಳೆಗಳಲ್ಲಿ ಗಾಳದವರು ಹುಡುಕಿಕೊಂಡು ಬರುವ ಮೀನೆಂದರೆ ಮಹಸೀರ್. ಕಾವೇರಿಯ ತೀರದಲ್ಲಿ ಬಿಳಿಮೀನೆಂದೂ, ದೇವಸ್ಥಾನಗಳ ಸೋಪಾನದ ಬಳಿ ಸುಮ್ಮನೆ ದೇವರ ಮೀನೆಂದೂ ಅದಕ್ಕೆ ಹೆಸರು. ಮಹಸೀರ್ ಎಂಬ ಶಬ್ದದ ಮೂಲವನ್ನು ಕೆಲವರು ದೊಡ್ಡ ತಲೆಯ ಮಹಾಶಿರವೆನ್ನುತ್ತಾರೆ. ಕೆಲವರು ಪಾರಸಿಯ ‘ಮಾಹಿ’ ಮತ್ತು ‘ಶೇರ್’ ಶಬ್ದಗಳನ್ನು ಕೂಡಿಸಿ ಹುಲಿಮೀನೆನ್ನುತ್ತಾರೆ. ಅಂಗೈಯಗಲದ ಶಲ್ಕಗಳನ್ನು ನೋಡಿದರೆ ಮನುಸ್ಮೃತಿಯಲ್ಲಿ ಬರುವ ‘ಮಹಾಶಲ್ಕ’ವೇ ಇದಾಗಿರಬಹುದೆಂದು ನಮ್ಮ ಮನಸ್ಸು ವಾಲುತ್ತದೆ, ಆದರೆ ಶಲ್ಕದ ಕಕಾರವು ಎಲ್ಲಿಗೆ ಹೋಯಿತೆಂದು ವೈಯಾಕರಣನು ಕೇಳಿದರೆ ಉತ್ತರ ಹೇಳುವುದು ಕಷ್ಟ. ಇದಿರಲಿ. ಈ ಮೀನು ಹಣ್ಣು, ಕಾಯಿ, ಏಡಿ, ಹುಳು, ಸಣ್ಣ ಮೀನು ಎಲ್ಲವನ್ನೂ ತಿನ್ನುವುದು. ಗರಿಯ ನೊಣಕ್ಕೂ ಬರುವುದು. ಹೊಳೆಯು ಇಳಿದು ತಿಳಿಯಾದ ವಸಂತವೇ ಅದಕ್ಕೂ ಗಾಳ ಹಾಕುವ ಸುಕಾಲ. ಮಳೆಗಾಲದ ನೆರೆಯಲ್ಲಿ ಅದು ಹೊಳೆಯನ್ನು ಹತ್ತಿಹೋಗಿ, ಹರಳುಕಲ್ಲಿನ ಮೇಲೆ ಮೊಟ್ಟೆಯಿಡುತ್ತದೆ. ದಾರಿಯಲ್ಲಿ ಅಣೆಕಟ್ಟು ಅಡ್ಡವಾದರೆ ವಂಶಕ್ಕೆ ಅಲ್ಲಿಗೇ ಪೂರ್ಣವಿರಾಮ. ಲಿಂಗನಮಕ್ಕಿಯು ಶರಾವತಿಗೂ, ಸೂಪಾ ಕಾಳಿಗೂ ಅಡ್ಡಬಂದ ಮೇಲೆ ಆ ಹೊಳೆಗಳ ಮೀನುಗಳಿಗೆ ಹಿಂದಿನ ದಾರಿಯಿಲ್ಲ. ಬೇಡ್ತಿಗೆ 1980ರ ಆಸುಪಾಸಿನಲ್ಲಿ ಬಂದಿದ್ದ ಯೋಜನೆಯನ್ನು ನಮ್ಮ ಸೀಮೆಯ ಜನರು ವಿದ್ವಾಂಸರನ್ನು ಕೂಡಿಸಿ, ಲೆಕ್ಕ ಹಾಕಿಸಿ ತಡೆದ ಕಥೆಯು ವಾಚಕರ ನೆನಪಿನಲ್ಲಿಯೇ ಇದ್ದೀತು. ಅಘನಾಶಿನಿಯೂ ದೊಡ್ಡ ಕಟ್ಟೆಯಿಲ್ಲದೆ ಸಮುದ್ರವನ್ನು ಸೇರುತ್ತಿದೆ.

ಮಹಸೀರಿನ ಚರಿತ್ರೆಯಲ್ಲಿ ನಮ್ಮ ಕರಾವಳಿಗೂ ಒಂದು ಪ್ರಕರಣವಿದೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಹೋದ ಮೇಲೆ ಮದರಾಸಿಗೆ ಉಳಿದ ದಕ್ಷಿಣ ಕನ್ನಡದಲ್ಲಿ ಹೆನ್ರಿ ಸಲಿವನ್ ಥಾಮಸ್ ಎಂಬವರು ಕಲೆಕ್ಟರರಾಗಿದ್ದರು. ಕಚೇರಿಯ ಕೆಲಸ ಮುಗಿದೊಡನೆ ಹೊಳೆಗೆ ಇಳಿಯುವ ಮನುಷ್ಯ. ‘ಹಿಂದುಸ್ಥಾನದಲ್ಲಿ ಗಾಳದ ಕೋಲು’ ಎಂಬರ್ಥದ ಅವರ ಪುಸ್ತಕವು 1873ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಕನ್ನಡದ ನಿಘಂಟು, ಕಾವ್ಯ, ಶಾಲಾಪುಸ್ತಕಗಳನ್ನು ಹೊರತಂದ ಆ ಯಂತ್ರಗಳ ಮೇಲೆ ಮಹಸೀರಿನ ಪುಸ್ತಕವೂ ಬಂತೆಂಬುದು ಸ್ವಾರಸ್ಯ. ಥಾಮಸರು ವಿನೋದಕ್ಕಾಗಿ ಹೊಳೆಗೆ ಹೋದವರು, ಅಲ್ಲಿ ಕಂಡುದು ನಾಶವನ್ನು: ವಿಷ ಬೆರೆಸಿ ಮಡುಗಳನ್ನು ಬರಿದು ಮಾಡುವುದು, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಗೋರುವುದು. ಅವರೂ ಫ್ರಾನ್ಸಿಸ್ ಡೇ ಅವರೂ ಸರಕಾರವನ್ನು ಎಚ್ಚರಿಸುತ್ತ ಬಂದರು. ಕಡೆಗೆ 1897ರ 4ನೆಯ ಕಾಯಿದೆಯು ಹೊಳೆಯಲ್ಲಿ ಸಿಡಿಮದ್ದನ್ನೂ ವಿಷವನ್ನೂ ಹಾಕುವುದನ್ನು ಅಪರಾಧವೆಂದು ಸಾರಿತು. ಎರಡು ತಿಂಗಳ ಸೆರೆ ಅಥವಾ ಇನ್ನೂರು ರೂಪಾಯಿಯ ದಂಡವೆಂದು ಅದರಲ್ಲಿದ್ದಿತು. ಅಂದಿನ ಇನ್ನೂರು ರೂಪಾಯಿಯೆಂದರೆ ಬಡವನ ಮನೆಮಾರು. ಮೀನಿನ ಪರವಾಗಿ ಮೊದಲು ವಕಾಲತ್ತು ಹಿಡಿದವನು ಮೀನನ್ನು ತಿನ್ನದ ನಮ್ಮಂಥವನಲ್ಲ, ಗಾಳ ಹಾಕುತ್ತಿದ್ದವನು.

ಇದೇ ವಿಚಿತ್ರವು ಕಾವೇರಿಯಲ್ಲಿ ಮತ್ತೊಮ್ಮೆ ನಡೆಯಿತು. ಅಲ್ಲಿನ ಮಹಸೀರ್ ಬೆನ್ನ ಮೇಲೆ ಗೂನುಳ್ಳದ್ದು, ಲೋಕದ ಮಹಸೀರುಗಳಲ್ಲೆಲ್ಲ ಭಾರಿಯಾದುದು. 1919ರಲ್ಲಿ 119 ಪೌಂಡಿನ ಮೀನೂ, 1946ರ ಮಾರ್ಚ್ ತಿಂಗಳಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರಿಗೆ 120 ಪೌಂಡಿನದೂ ಸಿಕ್ಕಿದುವು. ನೂರಿಪ್ಪತ್ತು ಪೌಂಡೆಂದರೆ ಐವತ್ತನಾಲ್ಕು ಕಿಲೋ. ಒಂದು ಭತ್ತದ ಚೀಲದಷ್ಟು ಭಾರದ ಪ್ರಾಣಿಯು ದಾರದ ತುದಿಯಲ್ಲಿ! ಆಮೇಲೆ ಸಿಡಿಮದ್ದಿನವರ ಕಾಲ ಬಂದು ಆ ಮೀನು ಮುಗಿದೇಹೋಯಿತೆಂದು ಜನ ತಿಳಿದಿದ್ದಾಗ, 1978ರಲ್ಲಿ ಇಂಗ್ಲಂಡಿನಿಂದ ಬಂದ ಗಾಳದವರ ತಂಡವೊಂದು 92 ಪೌಂಡಿನದನ್ನು ಹಿಡಿದು ತೋರಿಸಿತು. ಅನಂತರ ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಗಳಲ್ಲಿ ಬೀಡುಗಳಾದುವು. ಹಿಡಿದ ಮೀನನ್ನು ತೂಗಿ, ಪಟ ತೆಗೆದು, ಮರಳಿ ಹೊಳೆಗೆ ಬಿಡತಕ್ಕದ್ದೆಂಬುದು ಅಲ್ಲಿನ ಕಟ್ಟಳೆ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರೇ ಸಂಬಳದ ಮೇಲೆ ದಾರಿ ತೋರುವವರೂ ಕಾವಲುಗಾರರೂ ಆದರು.

ಇಲ್ಲಿ ಮುಖ್ಯವಾದುದು ಒಂದು ಲೆಕ್ಕದ ಪುಸ್ತಕ. ಗಾಲಿಬೋರೆಯ ಬೀಡಿನಲ್ಲಿ 1998ರಿಂದ 2012ರವರೆಗೆ ಯಾವ ದಿನ, ಎಷ್ಟು ತಾಸು, ಯಾವ ಮೀನು, ಎಷ್ಟು ತೂಕವೆಂದು ಬರೆದಿಡುತ್ತ ಬಂದಿದ್ದರು. ಆ ಕಡತವನ್ನು ಪ್ರಾಣಿಶಾಸ್ತ್ರಜ್ಞರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶವು ಬೆಚ್ಚಿಬೀಳಿಸುವಂಥದ್ದು. ಸಿಕ್ಕ ಮಹಸೀರುಗಳ ಒಟ್ಟು ಸಂಖ್ಯೆಯು ಹೆಚ್ಚುತ್ತ ಬಂದಿದ್ದಿತು; ಆದರೆ ಅವುಗಳಲ್ಲಿ ಗೂನುಬೆನ್ನಿನವು ವರ್ಷದಿಂದ ವರ್ಷಕ್ಕೆ ಕಡಮೆಯಾಗಿ, ಅವುಗಳ ಜಾಗವನ್ನು ನೀಲಿ ರೆಕ್ಕೆಯ ಬೇರೊಂದು ಜಾತಿಯು ಆಕ್ರಮಿಸಿದ್ದಿತು. ಎಲ್ಲಿಯದು ಅದು? ಮೀನಿನ ಸಂತತಿ ಬೆಳೆಯಲೆಂಬ ಸದುದ್ದೇಶದಿಂದ ಲೋಣಾವಳೆಯ ಮರಿಮನೆಯಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ತಂದು ಬಿಟ್ಟಿದ್ದರು. ಅದು ಕೃಷ್ಣೆಯ ಕಡೆಯ ಹೊಳೆಗಳ, ಅಂದರೆ ಬಡಗಣ ಸೀಮೆಯ ಮಹಸೀರ್. ತನ್ನ ಹೊಳೆಯಲ್ಲಿ ಅದು ಸಾಧು. ಪರರ ಹೊಳೆಯಲ್ಲಿ ಆಕ್ರಮಣಕಾರಿ. ಗೂನುಬೆನ್ನಿನ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರು ನಿಶ್ಚಯವಾದುದು 2018ರಲ್ಲಿ; ‘ಟೋರ್ ರೆಮಾದೇವಿ’ ಎಂಬುದು ಆ ಹೆಸರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯನ್ನೂ ಸೇರಿತು. ನಾಮಕರಣವೂ ಮರಣಶಯ್ಯೆಯೂ ಒಂದೇ ವರ್ಷದಲ್ಲಿ ಬಂದುವು.

ಈ ಮಧ್ಯೆ, ಅಭಯಾರಣ್ಯದ ಒಳಗೆ ಗಾಳ ಹಾಕುವುದು ವನ್ಯಜೀವಿಗಳ ಕಾಯಿದೆಗೆ ವಿರುದ್ಧವೆಂದು ಆಕ್ಷೇಪವೆದ್ದು, 2012ರ ಹೊತ್ತಿಗೆ ಆ ಬೀಡುಗಳಲ್ಲಿ ಗಾಳವು ನಿಂತಿತು. ಕಾಯಿದೆಯ ಮಾತು ನ್ಯಾಯವಾದುದೇ. ಹುಲಿಯನ್ನು ಕೊಲ್ಲಬಾರದೆಂದ ಕಡೆ ಮೀನಿನ ತುಟಿಗೆ ಮುಳ್ಳು ಚುಚ್ಚಬಹುದೆಂದು ಹೇಗೆ ಹೇಳುವುದು? ಆದರೆ ಗಾಳದೊಡನೆ ಲೆಕ್ಕದ ಪುಸ್ತಕವೂ ಮುಚ್ಚಿತು. ರಾತ್ರಿ ಸಿಡಿಮದ್ದಿನ ಸದ್ದಾದರೆ ಎದ್ದು ಓಡುವ ಕಾವಲಿನವರಿಗೂ ಕೆಲಸ ತಪ್ಪಿತು.

ಅಹಿಂಸೆಯ ಪ್ರಶ್ನೆಯನ್ನು ನಾವು ಹಗುರವಾಗಿ ದಾಟುವವರಲ್ಲ. ಹಿಡಿದು ಬಿಡುವುದರಲ್ಲಿ ಮೀನಿಗೆ ನೋವಿಲ್ಲವೆಂದು ಗಾಳದವರು ಬಹುಕಾಲ ಸಾಧಿಸುತ್ತಿದ್ದರು. 2003ರಲ್ಲಿ ಬ್ರಿಟನ್ನಿನ ಶಾಸ್ತ್ರಜ್ಞರು ಟ್ರೌಟಿನ ತುಟಿಯಲ್ಲಿ ನೋವನ್ನರಿಯುವ ನರತಂತುಗಳಿರುವುದನ್ನು ತೋರಿಸಿಕೊಟ್ಟ ಮೇಲೆ ಆ ವಾದಕ್ಕೆ ಬಲ ಉಳಿಯಲಿಲ್ಲ. ಬಿಡುವುದಕ್ಕೆಂದೇ ಹಿಡಿಯುವುದನ್ನು ಸ್ವಿಟ್ಜರ್ಲೆಂಡಿನ ಸರಕಾರವು ನಿಷೇಧಿಸಿದೆ. ಹಸಿವಿಗಾಗಿ ಹಿಡಿಯುವುದು ಕ್ಷಮ್ಯ, ಆಟಕ್ಕಾಗಿ ಅಲ್ಲವೆಂಬುದು ಅವರ ತರ್ಕ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನೀಲಗಿರಿಯ ಚಹದ ತೋಟದಲ್ಲಿ ಹಲವು ವರ್ಷ ಕೆಲಸದಲ್ಲಿದ್ದು ಈ ಹುಸಿನೊಣದ ವಿದ್ಯೆಯನ್ನು ಕಲಿತವರು. ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕುಳಿತು ಅದರ ವರ್ಣನೆ ಮಾಡಿದರು.

“ಮಾಸ್ತರೇ, ದಿನವೆಲ್ಲ ನಿಂತು ಒಂದು ಮೀನನ್ನೂ ಕಾಣದೆ ಮರಳಿದ್ದೇ ಹೆಚ್ಚು. ಆದರೆ ಯಾವ ಕಲ್ಲಿನ ಹಿಂದೆ ಎಷ್ಟು ನೀರು, ಯಾವ ಗಿಡದ ಹುಳು ಯಾವ ತಿಂಗಳು ಹೊಳೆಗೆ ಬೀಳುತ್ತದೆ, ಅದೆಲ್ಲ ನನಗೆ ಬಾಯಿಪಾಠವಾಯಿತು.”

“ಹಾಗಾದರೆ ಗಾಳವೇತಕ್ಕೆ? ಸುಮ್ಮನೆ ನಿಂತು ನೋಡಬಾರದೇ?” ಎಂದೆವು.

“ಸುಮ್ಮನೆ ನಿಂತರೆ ಹತ್ತು ನಿಮಿಷ ನೋಡಿಯೇನು, ಮಾಸ್ತರೇ. ಗಾಳ ಕೈಯಲ್ಲಿದ್ದರೆ ಹತ್ತು ತಾಸು.”

ಮುಳ್ಳಿನ ಹಿಮ್ಮೊನೆಯನ್ನು ತಾವು ಒತ್ತಿ ಮಟ್ಟ ಮಾಡಿಡುವುದಾಗಿಯೂ, ಕೈಯನ್ನು ತೋಯಿಸಿಕೊಂಡು ಮೀನನ್ನು ನೀರೊಳಗೇ ಹಿಡಿದು ಬಿಡಿಸುವುದಾಗಿಯೂ, ಒಣಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಹೋಗಿ ರೋಗ ಹತ್ತುವುದೆಂದೂ ಅವರು ಹೇಳಿದರು. ಅವರ ಉತ್ತರವು ಪ್ರಾಮಾಣಿಕವಾದುದು. ನಮಗೆ ಪೂರ್ತಿ ಸಮಾಧಾನವಾಗಲಿಲ್ಲವೆಂಬುದನ್ನೂ ಹೇಳಬೇಕು. ನಾವು ಗಾಳ ಹಿಡಿಯುವವರಲ್ಲ, ಹಿಡಿಯಿರೆಂದು ಯಾರಿಗೂ ಹೇಳುವವರೂ ಅಲ್ಲ. ಆದರೆ ತಿನ್ನದಿರುವುದು ಬೇರೆ, ಕಾಪಾಡುವುದು ಬೇರೆ. ಮೊದಲನೆಯದನ್ನು ಮಾಡಿದವರಿಗೆ ಎರಡನೆಯದೂ ತಾನಾಗಿ ನಡೆಯಿತೆಂಬ ಭ್ರಾಂತಿಯು ನಮ್ಮಲ್ಲಿ ಬೇರೂರಿದೆ. ನಮ್ಮ ಕೈಯಿಂದ ಒಂದು ಮೀನೂ ಸತ್ತಿಲ್ಲವೆಂದು ಎದೆ ತಟ್ಟಿಕೊಳ್ಳುವ ತೋಟಿಗನು ತನ್ನ ಹಳ್ಳದಲ್ಲಿ ಎಷ್ಟು ಬಗೆಯ ಮೀನುಗಳಿವೆಯೆಂದು ಬಲ್ಲನೇ? ಹಳ್ಳವು ಸತ್ತರೆ ಅವನಿಗೆ ತಿಳಿಯುವುದು ಪಂಪಿನಲ್ಲಿ ಗಾಳಿ ಬಂದಾಗ.

ಲೆಕ್ಕ ಹಿಡಿದರೆ ಗಾಳವು ಮೀನಿನ ಶತ್ರುಗಳಲ್ಲಿ ಕಡೆಯದು. ವಸಂತದ ಕಡೆಯಲ್ಲಿ ಹರಿವು ನಿಂತು ಹೊಳೆಯು ಮಡುಗಳ ಸಾಲಾಗುತ್ತದೆ; ಹೊಳೆಯ ಮೀನೆಲ್ಲ ಆ ನಾಲ್ಕಾರು ಮಡುಗಳಲ್ಲಿ ಕೂಡಿರುತ್ತದೆ. ಮುಂದಿನ ವರ್ಷದ ಬೀಜವೇ ಅದು. ಕಾರೆಯ ಕಾಯನ್ನು ಜಜ್ಜಿ ಹಾಕಿದರೆ ಮಡುವಿನ ಮೀನು ಅಮಲೇರಿ ತೇಲುವುದೆಂಬುದನ್ನು ನಮ್ಮ ಕಾಡಿನ ಜನರು ಮೊದಲಿನಿಂದ ಬಲ್ಲರು. ಆಗ ಅದು ಕಾಯಿ ದೊರೆತಷ್ಟು, ಕೈಲಾದಷ್ಟು ಮಾತ್ರ. ಈಗ ಪೇಟೆಯಿಂದ ಬ್ಲೀಚಿಂಗ್ ಪುಡಿಯ ಪೊಟ್ಟಣ ಬರುತ್ತದೆ. ಒಂದು ಪೊಟ್ಟಣಕ್ಕೆ ಮಡುವಿನ ಮೀನು, ಏಡಿ, ಕಪ್ಪೆ, ಕಲ್ಲಡಿಯ ಹುಳು ಎಲ್ಲವೂ ನಿರ್ನಾಮ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ವಿಷವಿಕ್ಕಿ ಸಾವಿರಾರು ಮಹಸೀರುಗಳನ್ನು ಕೊಂದರು. ಊರವರು ಸತ್ತ ಮೀನುಗಳಿಗೆ ಸ್ಮಾರಕವನ್ನು ಕಟ್ಟಿಸಿದರು. ಶೃಂಗೇರಿಯ ತುಂಗೆಯಲ್ಲಿಯೂ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ, ತೊಡಿಕಾನದಲ್ಲಿಯೂ, ಕಾವೇರಿಯ ರಾಮನಾಥಪುರದಲ್ಲಿಯೂ ದೇವರ ಹೆಸರಿನಲ್ಲಿ ಮೀನಿಗೆ ರಕ್ಷಣೆಯುಂಟು. ಜನರು ಅಕ್ಕಿ, ಮಂಡಕ್ಕಿಗಳನ್ನು ಎರಚಿ ಪುಣ್ಯ ಕಟ್ಟಿಕೊಳ್ಳುತ್ತಾರೆ. ಒಳ್ಳೆಯದೇ, ಆದರೆ ಆ ಮೀನು ಮೊಟ್ಟೆಯಿಡಲು ದೇವಸ್ಥಾನದ ಸರಹದ್ದನ್ನು ದಾಟಿ ಮೇಲಕ್ಕೆ ಹೋಗಲೇಬೇಕು. ಸೋಪಾನದ ಬಳಿ ಕೈಮುಗಿದವನೇ ಮೇಲಣ ಹಳ್ಳದಲ್ಲಿ ಏನು ಮಾಡುತ್ತಾನೆಂಬುದು ಪ್ರಶ್ನೆ.

ತೋಟಿಗರಾದ ನಮ್ಮಲ್ಲಿಯೇ ಇನ್ನೊಂದುಂಟು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಮದ್ದನ್ನು ಹೊಡೆಯದೆ ಗತಿಯಿಲ್ಲ, ಒಪ್ಪತಕ್ಕ ಮಾತು. ಆದರೆ ಕೆಲಸ ಮುಗಿದ ಮೇಲೆ ಪೀಪಾಯಿಯನ್ನೂ ಪಂಪನ್ನೂ ಹಳ್ಳದಲ್ಲಿಯೇ ತೊಳೆಯುವ ರೂಢಿಯಿದೆ. ತಾಮ್ರವು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಮೊಟ್ಟೆಯೊಡೆದು ಮರಿಗಳು ಕಣ್ಣು ಬಿಡುವ ಮಳೆಗಾಲದಲ್ಲಿಯೇ ಈ ತೊಳೆತವೂ ನಡೆಯುವುದು. ತೊಳೆದ ನೀರನ್ನು ಹಳ್ಳದಿಂದ ದೂರದಲ್ಲಿ ತೋಡಿದ ಗುಂಡಿಯೊಂದಕ್ಕೆ ಚೆಲ್ಲಿದರೆ ಖರ್ಚೇನೂ ಇಲ್ಲ. ಬೇಸಿಗೆಯಲ್ಲಿ ಮಡುವಿಗೆ ಪಂಪಿಟ್ಟವರು ತಳದ ಕೆಸರು ಕಾಣುವವರೆಗೆ ಎಳೆಯದೆ ಮೊಳಕಾಲುದ್ದ ನೀರನ್ನು ಬಿಟ್ಟರೆ, ಆ ಮೊಳಕಾಲುದ್ದದಲ್ಲಿ ಹೊಳೆಯ ವಂಶವೆಲ್ಲ ಮಳೆಯವರೆಗೆ ಬದುಕುವುದು. ಶಾಲ್ಮಲೆಯ ದಡದ ಕಾಡನ್ನು ಈ ಶತಮಾನದ ಎರಡನೆಯ ದಶಕದಲ್ಲಿ ಸರಕಾರವು ಸಂರಕ್ಷಿತ ಪ್ರದೇಶವೆಂದು ಸಾರಿದೆ; ಹೊಳೆಗೆ ನೆರಳು ಕೊಡುವ ಮರಗಳಿಗೆ ಅಷ್ಟರಮಟ್ಟಿನ ಭದ್ರತೆ ದೊರೆಯಿತು. ನೀರಿನ ಒಳಗಿನದು ಊರವರ ಕೈಯಲ್ಲಿದೆ.

ಮೃಗಶಿರೆಯ ಮಳೆ ಬಿದ್ದು ಹಳ್ಳಗಳು ಕೆಂಪಾದೊಡನೆ ಮಡುವಿನಲ್ಲಿ ಬದುಕುಳಿದ ಮೀನುಗಳು ಬಸಿರು ಹೊತ್ತು, ಗದ್ದೆಯ ಕಾಲುವೆಗಳನ್ನೂ ಕಿರುಹಳ್ಳಗಳನ್ನೂ ಹತ್ತತೊಡಗುವುವು. ಹತ್ತುಮೀನೆಂದು ಕೂಣಿ ಒಡ್ಡಿ ಹಿಡಿಯುವುದು ಮಲೆನಾಡಿನ ಅನೇಕರ ಹಳೆಯ ಪದ್ಧತಿ. ಬಡವರ ಒಲೆಯ ಆ ಪದಾರ್ಥವನ್ನು ನಾವು ಬೇಡವೆನ್ನುವವರಲ್ಲ. ಕಾಲುವೆಯ ಪೂರ್ತಿ ಅಗಲಕ್ಕೆ ತಡೆ ಕಟ್ಟದೆ ಒಂದು ಮೊಳದಷ್ಟು ದಾರಿಯನ್ನು ತೆರೆದಿಟ್ಟರೆ ಹತ್ತುವವುಗಳಲ್ಲಿ ಕೆಲವಾದರೂ ಮೇಲಕ್ಕೆ ತಲಪುವುವು. ಗದ್ದೆ ತಮ್ಮದಾಗಿದ್ದು ಕೂಣಿ ಬೇರೆಯವರದಾಗಿದ್ದರೆ ಈ ಮಾತನ್ನು ಮಳೆಗೆ ಮುಂಚೆಯೇ ಅವರೊಡನೆ ಆಡಿಡುವುದು ಒಳ್ಳೆಯದು. ಈ ವರ್ಷದ ಮೃಗಶಿರೆಗೆ ಇನ್ನು ಎರಡು ತಿಂಗಳುಂಟು.